ನೀರಿನವನ ಪಾಲು

ನವೆಂಬರ್ 4, ಸೋಮವಾರ

ಡಯಾಲಿಸಿಸ್ ಮುಗಿಸಿ ಮನೆಗೆ ಬಂದಾಗ ಮೂರು. ಅಬ್ಬಾಗೆ ಸುಸ್ತು. ಬಾಟಲಿ ತುಂಬಿಟ್ಟೆ. ಕಿಡ್ನಿ ಕೆಟ್ಟವರಿಗೆ ದಿನಕ್ಕೆ ಒಂದೇ ಲೀಟರ್, ಡಾಕ್ಟರ್ ಮಾತು. ಮಾರ್ಕರ್‌ನಿಂದ ಹತ್ತು ಗೆರೆ ಎಳೆದಿದ್ದೇನೆ. ಮೂವತ್ತೊಂದು ವರ್ಷ ವಾಲ್ವ್ ತಿರುವಿ ಓಣಿ ಓಣಿಗೆ ನೀರು ಬಿಟ್ಟ ಮಶಾಕಸಾಬರಿಗೆ ಈಗ ಮಗ ಗೆರೆ ನೋಡಿ ನೀರು ಕೊಡುತ್ತಾನೆ. ಅಮ್ಮನ ಕೈಗೆ ಬಾಟಲಿ ಕೊಡುವ ಹಾಗಿಲ್ಲ. ಎರಡು ಸಲ ಕೇಳಿದರೆ ಸಾಕು, ಕೊಟ್ಟೇಬಿಡುತ್ತಾಳೆ.

ಅಂಗಡಿಗೆ ಹೋಗಲಿಲ್ಲ. ರಿಪೇರಿಗೆ ಬಂದ ಮೊಬೈಲ್‌ಗಳು ಬಿದ್ದಿರಲಿ. ಕಂಪ್ಯೂಟರಿನಲ್ಲಿ ನಾನೇ ಕಟ್ಟುತ್ತಿರುವ ಗೇಮ್ ತೆಗೆದು ಕೂತೆ. ಅಬ್ಬಾ ಪಕ್ಕಕ್ಕೆ ಬಂದು ಕೂತರು. ಹೊರಗೆ ದಿಲ್ಲಿಯ ಫೌಜು, ಒಳಗೆ ನಮ್ಮ ಕೋಟೆ, ಮುತ್ತಿಗೆ. ಬಹಳ ಹೊತ್ತು ನೋಡಿದರು.

"ಲೇ ಆಸಿಫಾ, ಕುದುರಿ ಐತಿ, ತೋಪ ಐತಿ. ಇಷ್ಟ ಮಂದಿ ಒಳಗ ಕುಂತಾರಲ, ಏನ ಕುಡೀತಾರಲೇ?"

ಎರಡು ವರ್ಷದಿಂದ ಮಾಡುತ್ತಿದ್ದೇನೆ, ಒಬ್ಬನೂ ನೀರು ಕುಡಿದಿಲ್ಲ! ವಾಲ್ವ್‌ಮನ್‌ನ ಮಗ ಬೇರೆ. ಥೂ.

ನವೆಂಬರ್ 9, ಶನಿವಾರ

ನೀರು ಸೇರಿಸಿದೆ. ಊರ ಹೊರಗಿನ ತೊರವಿಯಿಂದ ಕೋಟೆಗೆ ನೆಲದಡಿಯ ಕಾಲುವೆ. ದಾರಿಯಲ್ಲಿ ಗಂಜ್‌ಗಳು — ನೀರು ಏರಿ ಇಳಿಯುವ ಕಲ್ಲಿನ ಗೋಪುರಗಳು. ತೊರವಿ ಶತ್ರುವಿನ ಪಾಲಾದರೆ ಊರಿನ ನೀರು ಬಂದ್. ಆಟಕ್ಕೆ ಚಿತ್ರ ಬರೆಯುವ ಗೆಳೆಯ ಸಮ್ಯಕ್ ತೊರವಿಯವನೇ. ಅವನಿಗೆ ಹಿಗ್ಗೋ ಹಿಗ್ಗು.

ಅಬ್ಬಾಗೆ ತೋರಿಸಿದೆ. ನಕ್ಕರು.

"ಬಂದ್ ಮಾಡಿದ ಕೂಡ್ಲೇ ನಿಂದರ್ತೈತೇನಲೇ? ನಾ ವಾಲ್ವ್ ಬಂದ್ ಮಾಡಿ ಸೈಕಲ್ ಹೊಡ್ಕೊಂಡು ಮನಿಗೆ ಬಂದ್ರೂ ಕಡೀ ಓಣ್ಯಾಗ ನಳ ಹರೀತಿರ್ತಿತ್ತು. ಪೈಪಿನ್ಯಾಗಿಂದು ತೀರಬೇಕಲ."

ಸರಿ. ತೊರವಿ ಬಿದ್ದ ಮೇಲೂ ಮೂರು ಸುತ್ತು ನೀರು ಬರುವ ಹಾಗೆ ಮಾಡಿದೆ. ಹೆಚ್ಚೆಂದರೆ ನಾಲ್ಕು ಸಾಲು ಕೋಡ್. ಸಮ್ಯಕ್ ಆಡಿ ಫೋನ್ ಮಾಡಿದ. "ಆ ಮೂರು ಸುತ್ತಿನ್ಯಾಗ ಎದಿ ಡವಡವ ಅಂತೈತಲೇ. ನೀರೇನೋ ಬರಾಕತ್ತೈತಿ, ಆದ್ರ ಮುಗ್ಯಾಕ ಬಂದೈತಿ ಅಂತ ನಮಗ ಗೊತ್ತು." ಆಟದ ಬಣ್ಣವೇ ಬೇರೆಯಾಗಿದೆ. ಅಬ್ಬಾಗೆ ಹೇಳಿದೆ. ಖುಷಿಗೆ ಒಂದು ಗುಟುಕು ಜಾಸ್ತಿ ಕೇಳಿದರು. ಕೊಡಲಿಲ್ಲ.

ನವೆಂಬರ್ 13, ಬುಧವಾರ

ಮೂರು ದಿನ ಬರೆದಿಲ್ಲ. ಭಾನುವಾರ ಮಧ್ಯಾಹ್ನ ನಳ ಬಂತು. ನೀರಿಗೆ ಮೊದಲು ಗಾಳಿ ಬರುತ್ತದೆ, ಸುಂಯ್ ಅಂತ. ಆ ಸದ್ದು ಅಬ್ಬಾಗೆ ಇಡೀ ಓಣಿಗಿಂತ ಮೊದಲೇ ಕೇಳುತ್ತದೆ. ನಾವು ಅಡ್ಡಾಗಿದ್ದೆವು. ಅಬ್ಬಾ ಎದ್ದು ಹೋಗಿ ನಳಕ್ಕೇ ಬಾಯಿ ಹಚ್ಚಿದ್ದಾರೆ. ಸಂಜೆಗೆ ಉಸಿರು ಸಿಗಲಿಲ್ಲ. ಎದೆಯಲ್ಲಿ ನೀರು. ಎರಡು ದಿನ ಐಸಿಯು.

ಡಾಕ್ಟರ್ ನನಗೆ ಬೈದರು. ಅದರ ಎರಡು ಪಟ್ಟು ನಾನು ಅಬ್ಬಾಗೆ ಬೈದೆ. "ಸಾಯಾಕ ಅಷ್ಟ ಅವಸರ ಐತೇನ್ರಿ ನಿಮಗ?" ಅಂದುಬಿಟ್ಟೆ. ಮಗ ಅನ್ನುವ ಮಾತೇ ಅದು?

"ನೀರಡಿಕಿ ಆಗಿತ್ತಪಾ" ಅಂದರು. ಅಷ್ಟೇ.

ಬಾಟಲಿ ಈಗ ಬೀರುವಿನಲ್ಲಿ. ಬೀಗದ ಕೈ ನನ್ನ ಕಿಸೆಯಲ್ಲಿ. ಒಂದು ಹನಿ ಹೆಚ್ಚಿಲ್ಲ.

ನವೆಂಬರ್ 20, ಬುಧವಾರ, ಸಂಜೆ 7

ಆಸ್ಪತ್ರೆಯಲ್ಲಿ ಅಬ್ಬಾ ಹೇಳಿದ್ದರು: "ನೀರ ತಾನ ಬರಂಗಿಲ್ಲಲೇ, ಬಿಡಾಂವೊಬ್ಬ ಬೇಕು." ಅದಕ್ಕೇ ಹೊಸ ಆಳು — ನೀರಿನವ. ಗಂಜ್‌ನಿಂದ ಗಂಜ್‌ಗೆ ಓಡಾಡುತ್ತಾನೆ, ಯಾರಿಗೆ ಎಷ್ಟು ಅಂತ ಬಿಡುತ್ತಾನೆ. ಸಮ್ಯಕ್ ಅವನಿಗೆ ಅಬ್ಬಾನ ಟಾವೆಲ್ಲು, ಬಾಗಿದ ಬೆನ್ನು ಎಲ್ಲ ಇಟ್ಟಿದ್ದಾನೆ. ನೋಡಿ ಅಬ್ಬಾ ಕೆಮ್ಮು ಬರುವಷ್ಟು ನಕ್ಕರು. ಐಸಿಯುನಿಂದ ಬಂದ ಮೇಲೆ ಮೊದಲ ನಗು.

ಆಮೇಲೆ ಸ್ಕ್ರೀನಿಗೆ ಬೆರಳು ತೋರಿಸಿದರು. "ಎಲ್ಲಾರಿಗೂ ಕೊಟ್ಟಾ. ತಾ ಯಾವಾಗ ಕುಡೀತಾನ?"

ಫೈಲ್ ತೆಗೆದು ನೋಡಿದೆ. ಸಿಪಾಯಿಯ ಪಾಲು ಎರಡು, ಕುದುರೆಯ ಪಾಲು ಎಂಟು, ನೀರಿನವನ ಪಾಲು ಸೊನ್ನೆ. ಮರೆತಿದ್ದೆ.

"ಸಣ್ಣ ಮಿಸ್ಟೇಕ್ ಅಬ್ಬಾ. ನಾಳೆ ಸರಿ ಮಾಡ್ತೀನಿ."

"ಹಂಗಾರ ನನಗೂ ಅರ್ಧ ಗ್ಲಾಸ್ ಕೊಡು."

ಇವತ್ತಿನ ಬಾಟಲಿ ಖಾಲಿಯಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಕೊಟ್ಟಬಿಡೊ ಯಪ್ಪಾ, ಅರ್ಧ ಗ್ಲಾಸಿಗೆ ಏನಾಗ್ತೈತಿ" ಅಂದಳು. ನಾನು ಬಿಡಲಿಲ್ಲ. "ನಾಳೆ ಡಯಾಲಿಸಿಸ್ ಮುಗಿಸ್ಕೊಂಡು ಬಂದ ಮ್ಯಾಲೆ ಕುಡೀರಿ."

ಹಟ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು.

ನವೆಂಬರ್ 24, ಭಾನುವಾರ

ಗುರುವಾರ ಬೆಳಿಗ್ಗೆ ಆರೂವರೆ. ಆಸ್ಪತ್ರೆಗೆ ಹೊರಡಲು ಅಂಗಿ ಹಿಡಿದು ಎಬ್ಬಿಸಲು ಹೋದೆ. ಮೈ ತಣ್ಣಗಿತ್ತು. ಅಮ್ಮ ಓಡಿಬಂದು ಚಮಚದಲ್ಲಿ ನೀರು ಹಾಕಿದಳು. ಇಳಿಯಲಿಲ್ಲ. ಗದ್ದದಿಂದ ಹರಿದು ದಿಂಬಿಗೆ ಹೋಯಿತು.

ಅಬ್ಬಾನ ಊರು ಮಮದಾಪುರದಲ್ಲಿ ಮಣ್ಣು ಮಾಡಿದೆವು. ಅದಕ್ಕೆ ಮೊದಲು ಮೈ ತೊಳೆದರು. ಕೊಡದ ಮೇಲೆ ಕೊಡ ಸುರಿದರು. ಸಮ್ಯಕ್ ಹೊರಗಿನಿಂದ ತುಂಬಿ ತುಂಬಿ ಕೊಟ್ಟ. ನಾನೂ ಸುರಿದೆ. ಯಾರೂ ಗೆರೆ ನೋಡಲಿಲ್ಲ.

ಡಾಕ್ಟರ್ ಫೋನಿನಲ್ಲಿ ಹೇಳಿದರು, ಹೃದಯ ನಿಂತಿದೆ, ನಿಮ್ಮ ತಪ್ಪಲ್ಲ, ಆ ಅರ್ಧ ಗ್ಲಾಸ್ ಕೊಟ್ಟಿದ್ದರೂ ಇದೇ ಆಗುತ್ತಿತ್ತು ಅಂತ.

ಕೊಟ್ಟಿದ್ದರೂ ಇದೇ ಆಗುವುದಿದ್ದರೆ ಕೊಡಬಹುದಿತ್ತಲ್ಲ...

ಡಿಸೆಂಬರ್ 30, ಸೋಮವಾರ

ನಲವತ್ತನೇ ದಿನದ ಫಾತಿಹಾ ಮುಗಿಯಿತು. ಮಂದಿ ಹೋದರು. ಸಮ್ಯಕ್ ಕೂತೇ ಇದ್ದ. ಹನ್ನೆರಡು ಜನಕ್ಕೆ ಆಟ ಕೊಟ್ಟು ಆಡಿಸಿದ್ದಾನಂತೆ. ತೋಪು, ಕುದುರೆ ಬಗ್ಗೆ ಒಬ್ಬರೂ ಮಾತಾಡಿಲ್ಲ. ಎಲ್ಲರಿಗೂ ಆ ಮೂರು ಸುತ್ತು, ಆ ನೀರಿನವ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತ ಮೆಲ್ಲಗೆ ಅಂದ, "ಅಂವಾ ಇನ್ನೂ ಕುಡ್ದಿಲ್ಲಲೇ ಆಸಿಫ."

ಫೈಲ್ ತೆಗೆದೆ. ಸೊನ್ನೆ ಅಳಿಸಿದೆ. ಒಂದು ಅಂತ ಹಾಕಿದೆ. ಒಂದು ಲೀಟರ್ ನೆನಪಾಯಿತು, ಅಳಿಸಿದೆ. ಎರಡು? ಹತ್ತು? ಎಷ್ಟು ಹಾಕಿದರೂ ನಾನೇ ಗೆರೆ ಎಳೆದ ಹಾಗೆ ಆಗುತ್ತದೆ. ಖಾಲಿ ಬಿಟ್ಟರೆ ಆಟ ನಡೆಯುವುದಿಲ್ಲ.

ಅಮ್ಮ ಕೂಗುತ್ತಿದ್ದಾಳೆ. "ಯಪ್ಪಾ, ನಳ ಬಂದ ಎಷ್ಟೊತ್ತಾತು, ಗೊತ್ತಾಗಲಿಲ್ಲೇನೊ?" ಗಾಳಿಯ ಸದ್ದು ನನಗೆ ಕೇಳಲೇ ಇಲ್ಲ. ಹೋಗಿ ಕೊಡ ಹಿಡಿಯಬೇಕು. ಅದಕ್ಕೆ ಮೊದಲು ಇದೊಂದು —

ನೀರಿನವನ ಪಾಲು: