ಹೊಸ ಬೆಲ್ಟಿಗೆ ಗಟ್ಟಿ ಕೈ ಬೇಕು

ಹೊಸಪೇಟೆ
12-12-2006

ಪ್ರೀತಿಯ ಪಲ್ಲವಿಗೆ,

ನಿನ್ನ ತಿಪ್ಪೇಶ ಬರೆಯುವುದು. ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ ಅಂತಷ್ಟೇ ತಿಳಿಸುತ್ತೇನೆ. ತಡವಾಯಿತು, ಸಿಟ್ಟಾಗಬೇಡ. ನಿಮ್ಮಣ್ಣ ಪಂಪೇಶಣ್ಣನ ಮೊಬೈಲಿಗೆ ಮಾಡಿದಾಗಲೆಲ್ಲ ನೀನು ಕಿವಿಗೆ ಹಿಡಿದು ಸುಮ್ಮನೆ ಇದ್ದುಬಿಡುತ್ತೀಯ. ಕಾಗದದಲ್ಲಾದರೆ ನಾನೊಬ್ಬನೇ ಮಾತಾಡಬಹುದು.

ಮೊದಲು ಅಂಗಡಿಯ ಸುದ್ದಿ. ಎಮ್ಮಿಗನೂರಿನಲ್ಲಿ ನಿನ್ನ ತವರಿನ ಸುತ್ತ ಕಬ್ಬು ಕಡಿಯುತ್ತಿರಬೇಕು. ಆ ಮಚ್ಚುಗಳಲ್ಲಿ ಅರ್ಧ ನಮ್ಮ ಅಂಗಡಿಯಲ್ಲಿ ಮಾಡಿದವೇ, ನೋಡಿದರೆ ಗುರುತು ಸಿಕ್ಕೀತು. ಗಣಿ ಕೆಲವರಿಗೆ ಬಂಗಲೆ ಕೊಟ್ಟಿತು, ನನಗೆ ಅದಿರು ಲಾರಿಗಳ ಮುರುಕು ಸ್ಪ್ರಿಂಗ್ ಪಟ್ಟಿ ಕೊಟ್ಟಿತು. ಉಕ್ಕಿಗಂತೂ ಬರವಿಲ್ಲ.

ಮಚ್ಚು ಅರೆಯಲು ಮೋಟಾರಿಗೆ ಹಾಕುವ, ಮರಳುಕಾಗದದಂಥ ಆ ಸೆರಾಮಿಕ್ ಬೆಲ್ಟು ನೆನಪಿದೆಯಾ? ದುಬಾರಿ ಮಾಲು, ಬೇಗ ಸವೆಯಬಾರದು ಅಂತ ನಾನು ಮಚ್ಚನ್ನು ಮೆಲ್ಲಗೆ ತಾಗಿಸುತ್ತಿದ್ದೆ. ನೀನು ಬಾಗಿಲಲ್ಲಿ ನಿಂತು, "ಏನ್ರಿ, ಬೆಲ್ಟಿಗೆ ನೋವಾಗತೈತೇನ್ರಿ?" ಅಂತ ನಗುತ್ತಿದ್ದೆ. ಎರಡು ಮಚ್ಚಿಗೇ ಬೆಲ್ಟು ಹೊಳಪೇರಿ ಕೆಲಸಕ್ಕೆ ಬಾರದಾಗುತ್ತಿತ್ತು. ಉಕ್ಕು ಕಾದು ನೀಲಿಯಾಗಿ ಹದ ಕೆಡುತ್ತಿತ್ತು. ನಾನು ಬೆಲ್ಟು ಮಾರಿದವನಿಗೆ ಬೈದುಕೊಂಡು ಕೂತಿದ್ದೆ.

ಮೊನ್ನೆ ಸಂಡೂರಿನಿಂದ ಕೊಟ್ರಯ್ಯ ಮಾಮ ಬಂದಿದ್ದರು. ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರಲ್ಲವಾ, ನನ್ನ ಕೈ ನೋಡಿ ಒದರಿದರು. "ಲೇ ತಿಪ್ಪೇಶಾ, ಕೂಸಿಗೆ ಎಣ್ಣಿ ಹಚ್ಚಿದಂಗ ಹಚ್ಚಾಕತ್ತೀಯಲ್ಲೋ!" ಅಂದವರೇ ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸದವನಂತೆ ಮೋಟಾರು ಬಂದ್ ಮಾಡಿದೆ. ಆಮೇಲೆ ಅವರೇ ದನಿ ತಗ್ಗಿಸಿ, "ಇದು ಹಳೇ ಬೆಲ್ಟಲ್ಲಪಾ. ಗಟ್ಟಿ ಒತ್ತಬೇಕು. ಒತ್ತಿದ್ರ ಇದರ ಮೈಮ್ಯಾಲಿನ ಉಜ್ಜೋ ಕಾಳು ಒಡದು ಒಳಗಿನ ಚೂಪು ಹೊರಗ ಬರತೈತಿ. ಬರೇ ಸವರಿದ್ರ ನುಣ್ಣಗಾಗಿ ಸತ್ತ ಹೋಗತೈತಿ," ಅಂದರು. ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಸಿ ವೇಗ ಹೆಚ್ಚಿಸಿದರು. ಈಗ ಮೈಭಾರ ಹಾಕಿ ಒತ್ತುತ್ತೇನೆ, ಬಿಸಿಯಾಗುವ ಮುಂಚೆ ಬಕೆಟ್ ನೀರಿಗೆ ಅದ್ದುತ್ತೇನೆ. ಒಂದೇ ಬೆಲ್ಟು ಇಡೀ ವಾರ ಬರುತ್ತಿದೆ. ಕಿಡಿ ಹಾರುವುದನ್ನು ನೀನು ನೋಡಬೇಕಿತ್ತು.

ಪಕ್ಕದ ಮನೆ ದುರ್ಗಕ್ಕ ದಿನಾ ಕೇಳುತ್ತಾಳೆ, "ಪಲ್ಲವಿ ಯಾವಾಗ ಬರ್ತಾಳಪಾ?" ಅಂತ. ಸಂಕ್ರಾಂತಿಗೆ ಅಂತ ಹೇಳಿಬಿಟ್ಟಿದ್ದೇನೆ. ಅದು ಸುಳ್ಳಾಗುವುದು ಬಿಡುವುದು ನಿನಗೆ ಬಿಟ್ಟದ್ದು. ಅಂಗಡಿಯಲ್ಲಿ ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಗೊಟ್ಟಿಲ್ಲ. ನೀನಿಲ್ಲದೆ ನನಗೆ ಆಗುತ್ತಿಲ್ಲ ಪಲ್ಲವಿ. ಬಾ. ಮಾತಾಡದಿದ್ದರೂ ಚಿಂತೆಯಿಲ್ಲ, ಬಂದು ಕೂತಿರು.

ಅತ್ತೆಗೆ, ಪಂಪೇಶಣ್ಣನಿಗೆ ನನ್ನ ನಮಸ್ಕಾರ ಹೇಳು. ಹೊಟ್ಟೆತುಂಬ ಉಣ್ಣು. ಮನೆದೇವರು ನಿನಗೆ ಕಣ್ಣುತುಂಬ ನಿದ್ದೆ ಕೊಡಲಿ.

ನಿನ್ನವನೇ,
ತಿಪ್ಪೇಶ

ತಾ.ಕ.: ಪಂಪೇಶಣ್ಣನ ಕೈಯಲ್ಲಿ ನೀನು ಕಳಿಸಿದ ಸಣ್ಣ ಚಾಕು ಬಂತು. ಹಸುಗೂಸಿನ ಹತ್ತಿರ ಕಬ್ಬಿಣ ಇರಬೇಕು, ಗಾಳಿ ಸೋಕಬಾರದು ಅಂತ ಅತ್ತೆ ಹೇಳಿದ್ದಕ್ಕೆ ಮಗಳ ತಲೆದೆಸೆಗೆ ಇಡಲು ನಾನೇ ಮಾಡಿ ಕೊಟ್ಟಿದ್ದು. ಅದು ನಮ್ಮ ಕೂಸನ್ನು ಕಾಯಲಿಲ್ಲ. "ಅರದು ಪುಡಿ ಮಾಡ್ರಿ, ನನ್ನ ಕಣ್ಣಿಗೆ ಬೀಳೋದು ಬ್ಯಾಡ" ಅಂದೆಯಂತೆ. ನಿನ್ನ ಮಾತು ಮೀರಬಾರದು ಅಂತ ಹೊಸ ಬೆಲ್ಟು ಹಾಕಿದೆ. ಹಿಡಿಗೆ ಇನ್ನೂ ಅವಳ ಕಾಡಿಗೆ ಅಂಟಿತ್ತು. ಕೈ ಒತ್ತಲೇ ಇಲ್ಲ. ಬರೀ ಸವರುತ್ತಾ ನಿಂತೆ. ಬೆಲ್ಟು ನುಣ್ಣಗಾಗಿ ಸತ್ತಿತು, ಚಾಕು ಹಾಗೇ ಇದೆ. ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನೀನು ಬಂದು ನನ್ನ ಕೈ ಮೇಲೆ ಕೈ ಇಡು, ಇಬ್ಬರೂ ಸೇರಿ ಒತ್ತೋಣ. ಆಗಲೂ ಆಗದಿದ್ದರೆ ಇಬ್ಬರೂ ಕೂತು ಅಳೋಣ.