ಮ್ಯೂಟ್ ಮಾಡಿಟ್ಟ ದನಿ

ಗುಬ್ಬೀ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದೀತು.

ನಮ್ಮ ಆನ್‌ಲೈನ್ ಸಂಗೀತ ಕೂಟದ ಪದ್ಧತಿ ನಿನಗೆ ಗೊತ್ತೇ ಇದೆ. ಹಾಡು ಹಾಕಿದವರು ದನಿ, ಗಿಟಾರು, ತಾಳಗಳನ್ನು ಬಿಡಿಬಿಡಿಯಾಗಿಯೂ ಹಂಚಬೇಕು. ಬೇಕಾದವರು ಅವನ್ನು ತಮಗೆ ತೋಚಿದಂತೆ ಜೋಡಿಸಿಕೊಳ್ಳುತ್ತಾರೆ. ನಿನ್ನ ಅಡುಗೆಮನೆಯಲ್ಲಿ ನಾವಿಬ್ಬರೂ ರೆಕಾರ್ಡ್ ಮಾಡಿದ್ದ ಹಾಡನ್ನು ಮೊನ್ನೆ ನನ್ನೊಬ್ಬಳ ಹೆಸರಿನಲ್ಲಿ ಹಾಕಿದೆ. ನಾವು ಮಾತು ಬಿಟ್ಟ ಮೇಲೂ ನಿನ್ನ ದನಿಯನ್ನು ಅಳಿಸಲು ಮನಸ್ಸು ಬಂದಿರಲಿಲ್ಲ. ಮ್ಯೂಟ್ ಮಾಡಿಟ್ಟಿದ್ದೆ, ಅಷ್ಟೇ. ಬಿಡಿ ಭಾಗಗಳನ್ನು ಹಂಚುವಾಗ ಅದೂ ಜೊತೆಗೆ ಹೋಗಿದ್ದು ನನ್ನ ಗಮನಕ್ಕೇ ಬರಲಿಲ್ಲ.

ಇವತ್ತು ಮಧ್ಯಾಹ್ನ ಕೂಟದ ಡ್ರಮ್ಮರ್ ಒಬ್ಬ ಅದನ್ನು ಹೊಸದಾಗಿ ಜೋಡಿಸಿ ಹಾಕಿದ. ನಿನ್ನ ದನಿ ಮುಂದೆ, ನನ್ನದು ಎಲ್ಲೋ ಹಿಂದೆ. ಜನ ಮುಗಿಬಿದ್ದರು.

"ಈ ಎರಡನೇ ದನಿ ಯಾರ್ದು? ಹಾಡಿಗೆ ಈಗ ಜೀವ ಬಂತು ನೋಡಿ!"

ತಕ್ಷಣ ಬರೆದೆ: "ನಂದೇ. ಎರಡು ಸಲ ಹಾಡಿದ್ದೆ."

ಎಲ್ಲರೂ ನಂಬಿದರು. ಡ್ರಮ್ಮರ್ ಮಾತ್ರ ಬಿಡಲಿಲ್ಲ.

"ಹೌದಾ? ಹಾಡು ಮುಗಿದ್ಮೇಲೆ ಆ ದನಿ, 'ಏ ಮೊಂಡಿ, ಸಾಕು ಮಾಡೇ, ತಟ್ಟೆ ಹಾಕಿ ಎಷ್ಟೊತ್ತಾಯ್ತು, ಊಟಕ್ಕೆ ಏಳು' ಅನ್ನುತ್ತಲ್ಲ, ಅದೂ ನಿಮಗೆ ನೀವೇ ಹೇಳ್ಕೊಂಡಿದ್ದಾ?"

ಈಗ ಇಡೀ ಕೂಟ ನನ್ನ ಉತ್ತರಕ್ಕೆ ಕಾಯುತ್ತಿದೆ. ನಾನು ಆ ಕೊನೆಯ ತುಣುಕನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದೇನೆ.

ಊಟಕ್ಕೂ ಎದ್ದಿಲ್ಲ.