ಗೋಡೆಗೆ ಅಂಟಿ ಕೂತ ಅಯಾನು

ರಾಯಚೂರು
೨೪ ನವೆಂಬರ್ ೨೦೨೪

ಪ್ರೀತಿಯ ಅರೀಬಾ,

ಹೇಗಿದ್ದೀಯೆಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನೀನು ಫೋನ್ ಎತ್ತುವುದಿಲ್ಲ. ಸಂಶೋಧನೆ ಬಿಟ್ಟು ಮಾನ್ವಿಯಲ್ಲಿ ಅಬ್ಬಾನ ಬಟ್ಟೆ ಅಂಗಡಿಯಲ್ಲಿ ಕೂಡುತ್ತೀಯಂತೆ, ನಮ್ಮ ಲ್ಯಾಬಿನ ಉಮೇಶ ಹೇಳಿದ. ಅದಕ್ಕೇ ಈ ಕಾಗದ.

ಆಯುಧಪೂಜೆಗೆ ನಾನು ದೇವದುರ್ಗಕ್ಕೆ ಹೋಗಿದ್ದೆ. ನಾನು ಊರಲ್ಲಿಲ್ಲದಿದ್ದರೂ ಲ್ಯಾಬಿನ ಪೂಜೆ ತಪ್ಪಬಾರದೆಂದು ನೀನೇ ಕಪಾಟು ತೊಳೆದೆ, ಗಾಜಿನ ನಳಿಕೆಗಳನ್ನು ಒಂದೊಂದಾಗಿ ಎತ್ತಿ ಒರೆಸಿದೆ, ಚೆಂಡುಹೂ ಏರಿಸಿದೆ. ಆ ನಳಿಕೆಗಳಲ್ಲಿ ಒಂದರ ಮೇಲೊಂದು ನಿಲ್ಲಿಸಿದ್ದ ಎರಡು ದ್ರವಗಳು ವಾರಗಟ್ಟಲೆ ಅಲುಗಾಡದೆ ನಿಧಾನ ಬೆರೆತರೆ ಮಾತ್ರ ಹರಳು ಕಟ್ಟುತ್ತದೆ. ನಾನು ಬಂದು ನೋಡಿದರೆ ತಳದಲ್ಲಿ ಬರೀ ಕರಿ ಪುಡಿ. ನೀನು ಸೇರಿ ಇನ್ನೂ ತಿಂಗಳಾಗಿರಲಿಲ್ಲ, ಮುಟ್ಟಬೇಡವೆಂದು ನಾನೂ ಹೇಳಿರಲಿಲ್ಲ.

ಆದರೂ ಎಲ್ಲರೆದುರು ಕೇಳಿದೆ, "ಪೂಜಿ ಮಾಡಂತ ನಿನಗ ಯಾರ್ ಹೇಳಿದ್ರು?"

ಹರಳು ಹೋದ ಸಂಕಟಕ್ಕೆ ಬಂದ ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಉಮೇಶ ಅದೇ ತಪ್ಪು ಮಾಡಿದ್ದರೆ ಆ ಪ್ರಶ್ನೆ ನನ್ನ ಬಾಯಿಗೆ ಬರುತ್ತಿತ್ತೇ? ಇಲ್ಲ. ನೆನೆದಾಗೆಲ್ಲ ನಾಚಿಕೆಯಾಗುತ್ತದೆ.

ಆ ಪುಡಿಯನ್ನೇ ಮತ್ತೆ ಕರಗಿಸಿ, ಸೋಸಿ, ಹೊಸದಾಗಿ ಇಟ್ಟೆ. ಹರಳು ಬಂತು. ಹೈದರಾಬಾದಿಗೆ ಒಯ್ದು ಎಕ್ಸ್-ರೇ ಹಾಯಿಸಿದೆವು. ನಮ್ಮ ಅಣುಗಳು ಇಂಗಾಲದ ಗುಂಡು ಪಂಜರಗಳಾದ್ದರಿಂದ ಹರಳಿನೊಳಗೂ ಗಿರಗಿರ ತಿರುಗಿ ಚಿತ್ರ ಕೆಡಿಸುತ್ತವೆ. ಈ ಸಲ ಜೊತೆಗಿಟ್ಟ ಚಪ್ಪಟೆ ಅಣುಗಳಿಗೆ ಒರಗಿ ಸುಮ್ಮನಿದ್ದವು. ಪಂಜರದೊಳಗೆ ಸಿಕ್ಕಿರುವ ಲ್ಯಾಂಥನಂ ಲೋಹದ ಅಯಾನು ಸ್ಪಷ್ಟವಾಗಿ ಕಂಡಿತು. ಅದು ನಡುವೆ ಇಲ್ಲ ಕಣೇ, ಒಂದು ಗೋಡೆಗೆ ಅಂಟಿ ಕೂತಿದೆ.

ಚಿತ್ರ ತೋರಿಸಿದಾಗ ನಮ್ಮವ್ವ, ಪಾಪ, ಅದನ್ನು ಹೊರಗೆ ಬಿಡಬಾರದೇ ಎಂದಳು. ಅದು ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟಿದ್ದಕ್ಕೇ ಈ ಪಂಜರ ನಿಂತಿದೆ, ಅದಿಲ್ಲದೆ ಬಾಳುವುದಿಲ್ಲ ಎಂದೆ. ಹಾಗಾದರೆ ಮನೆ ಅದರದೇ ಆಯಿತಲ್ಲ ಎಂದಳು.

ಬಾ, ಅರೀಬಾ. ಮುಂದಿನ ಹರಳು ನೀನೇ ಇಡಬೇಕು. ಕ್ಷಮಿಸಲು ಆಗದಿದ್ದರೆ ಜಗಳಕ್ಕಾದರೂ ಬಾ. ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ತಪ್ಪಾಯಿತು ಎನ್ನುತ್ತೇನೆ.

ನಿನ್ನ
ಅಂಬಿಕಾ ಅಕ್ಕ

ತಾ.ಕ.: ಮೊನ್ನೆ ಮಾನ್ವಿಯ ನಿಮ್ಮ ಮನೆಗೆ ಬಂದಿದ್ದೆ. ನೀನು ಪೋತ್ನಾಳಕ್ಕೆ ಹೋಗಿದ್ದೀಯೆಂದು ಅಬ್ಬಾ ನೆಲ ನೋಡುತ್ತ ಹೇಳಿದರು. ನಿನ್ನ ಚಪ್ಪಲಿ ಬಾಗಿಲಲ್ಲೇ ಇದ್ದವು. ಒಳಗಿದ್ದೀಯೆಂದು ಗೊತ್ತಾಗಿಯೇ ಚಹಾ ಅಷ್ಟು ನಿಧಾನ ಕುಡಿದೆ.